ಡಬ್ಬಿಂಗ್ ಬೇಡದ ನೆಂಟ

1987ರ ಜನವರಿ 25, ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳಲ್ಲಿ ಆಗ ಟಿವಿ ಇದ್ದ ಮನೆಗಳೇ ಬೀದಿಗೊಂದೋ ಎರಡೋ. ಅಕ್ಕಪಕ್ಕದವರೆಲ್ಲ ಬಂದು ಚಾಪೆಯ ಮೇಲೆ ಕೂತು ನೋಡಿದರು. ಕಥೆ ಎಲ್ಲರಿಗೂ ಗೊತ್ತಿತ್ತು, ಹಿಂದಿ ಮಾತ್ರ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಚಿತ್ರೀಕರಣಗೊಂಡ, ಶೃಂಗಾರ್ ನಾಗರಾಜ್ ನಿರ್ಮಾಣದ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ‘ಪುಷ್ಪಕ ವಿಮಾನ’ ತೆರೆಗೆ ಬಂತು. ಎರಡು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಪಾತ್ರಗಳು ಒಂದೇ ಒಂದು ಮಾತನ್ನೂ ಆಡುವುದಿಲ್ಲ. ತಮಿಳಿನಲ್ಲಿ ‘ಪೇಸುಂ ಪಡಂ’, ಹಿಂದಿಯಲ್ಲಿ ‘ಪುಷ್ಪಕ್’ ಎಂದು ಹೆಸರಷ್ಟೇ ಬದಲಾಯಿತು, ಚಿತ್ರ ಬದಲಾಗಬೇಕಾಗಲಿಲ್ಲ.

ಈ ಎರಡರ ನಡುವೆ, ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಮೂರನೆಯದೊಂದು ಆ ಕಾಲದ ಟಿವಿಯಲ್ಲಿತ್ತು. ಆಗಾಗ ಬರುತ್ತಿದ್ದ ಚಾರ್ಲಿ ಚಾಪ್ಲಿನ್‌ನ ಕಪ್ಪುಬಿಳುಪು ಕಿರುಚಿತ್ರಗಳು, ಲಾರೆಲ್–ಹಾರ್ಡಿ ಜೋಡಿ, ಆಮೇಲೆ ಕೇಬಲ್ ಬಂದ ಮೇಲೆ ಇನ್ನಷ್ಟು. ಹೊತ್ತು ತುಂಬಿಸಲು ಹಾಕುವ ಸಾಮಾನು, ಮಕ್ಕಳನ್ನು ಕೂರಿಸಲು ಒಳ್ಳೆಯದು ಎಂಬ ಭಾವನೆಯೇ ಹೆಚ್ಚಿತ್ತು. ಆ ಅಂದಾಜು ತಪ್ಪು. ಕನ್ನಡದ ಮನೆಗಳಿಗೆ ಟಿವಿಯ ಮೂಲಕ ಬಂದ ಹೊರಗಿನ ಕಲೆಗಳಲ್ಲಿ, ಮನೆಯ ಅಜ್ಜಿಯಿಂದ ಹಿಡಿದು ಮೂರನೇ ಕ್ಲಾಸಿನ ಹುಡುಗನವರೆಗೆ ಎಲ್ಲರನ್ನೂ ಸಮಾನವಾಗಿ ಕಂಡದ್ದು ಮೂಕಿ ಹಾಸ್ಯ ಮಾತ್ರ. ಟಿವಿ ಅದನ್ನು ಮನೆಮನೆಗೆ ತಲುಪಿಸಿತು, ಹಾಗೆ ತಲುಪಿಸುವಾಗಲೇ ಅದರ ಅರ್ಧ ಬೆಲೆಯನ್ನು ಕಳೆದೂಬಿಟ್ಟಿತು.

ಸಮಾನವಾಗಿ ಕಂಡಿತು ಎನ್ನುವುದಕ್ಕೆ ಕರ್ನಾಟಕದ್ದೇ ಆದ ಕಾರಣವಿದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಮುಂದೆ ನಿಂತ ಕನ್ನಡ ಚಳವಳಿಯ ಕಾಲದಿಂದ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಿಂತುಹೋಯಿತು. ಕಾನೂನಿನ ನಿಷೇಧ ಅದಾಗಿರಲಿಲ್ಲ. ಉದ್ಯಮ ಮತ್ತು ಚಳವಳಿ ಸೇರಿ ಕಟ್ಟಿದ ಬೇಲಿ ಅದು. ಆಗಷ್ಟೇ ಕಣ್ಣುಬಿಡುತ್ತಿದ್ದ ಚಿತ್ರೋದ್ಯಮವನ್ನು ಅದು ಕಾಪಾಡಿತು ಎಂಬ ವಾದಕ್ಕೆ ಆಧಾರವಿದೆ. ನೋಡುಗನಿಂದ ಅದು ಕಸಿದುಕೊಂಡದ್ದೇನು ಎಂಬ ಪ್ರಶ್ನೆಗೂ ಅಷ್ಟೇ ತೂಕವಿದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಆದೇಶಿಸುವವರೆಗೆ, 2020ರ ಲಾಕ್‌ಡೌನ್ ದಿನಗಳಲ್ಲಿ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಮಾತಾಡುವವರೆಗೆ, ಹೊರಗಿನದೇನೇ ಇರಲಿ, ಕನ್ನಡವಷ್ಟೇ ಬಲ್ಲವರು ಅದನ್ನು ಅರೆಬರೆ ಅರ್ಥದಲ್ಲಿಯೇ ನೋಡಬೇಕಿತ್ತು. ಸೀತೆ ಏನೆಂದಳು ಎಂದು ಪಕ್ಕದವರನ್ನು ಕೇಳಬೇಕಿತ್ತು. ಚಾಪ್ಲಿನ್ ಏನೆಂದ ಎಂದು ಕೇಳುವ ಪ್ರಮೇಯವೇ ಬರಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ಇನ್ನೊಂದು ಪದರವಿದೆ. ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆ ಇದು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ಇಲ್ಲಿದ್ದಾರೆ, ಉರ್ದು ಆಡುವ ಮೊಹಲ್ಲಾಗಳಿವೆ, ಲಂಬಾಣಿ ತಾಂಡಾಗಳಿವೆ. ಹಿರಿಯೂರಿನ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲವೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಮಾತಿನ ಸಿನಿಮಾ ಯಾರದೋ ಒಬ್ಬರ ಮನೆಮಾತಿನದಾಗಿರುತ್ತದೆ, ಉಳಿದವರು ಹೊಂದಿಕೊಳ್ಳುತ್ತಾರೆ. ಮೂಕಿ ಚಿತ್ರದ ಮುಂದೆ ಹೊಂದಿಕೊಳ್ಳಬೇಕಾದವರು ಯಾರೂ ಇಲ್ಲ.

ಹಾಗೆಂದು ಮೂಕಿ ಹಾಸ್ಯವೆಂದರೆ ಏನೂ ಗೊತ್ತಿಲ್ಲದವನೂ ನಗಬಹುದಾದ ಸುಲಭದ ಸರಕು ಎಂದುಕೊಳ್ಳಬಾರದು. 1931ರ ‘ಸಿಟಿ ಲೈಟ್ಸ್’ ನೋಡಿ. ಬೀದಿಯಲ್ಲಿ ಹೂ ಮಾರುವ ಕುರುಡು ಹುಡುಗಿ ಬಡ ಅಲೆಮಾರಿಯನ್ನು ಶ್ರೀಮಂತನೆಂದು ತಿಳಿಯಬೇಕು. ಇಡೀ ಕಥೆ ನಿಂತಿರುವುದು ಈ ಒಂದು ತಪ್ಪುತಿಳಿವಳಿಕೆಯ ಮೇಲೆ. ಮಾತಿಲ್ಲದೆ ಇದನ್ನು ತೋರಿಸುವುದು ಹೇಗೆಂದು ಚಾಪ್ಲಿನ್ ತಿಂಗಳುಗಟ್ಟಲೆ ಒದ್ದಾಡಿದ. ಆ ದೃಶ್ಯದ ಮುನ್ನೂರಕ್ಕೂ ಹೆಚ್ಚು ಟೇಕ್‌ಗಳಾದವು ಎಂಬುದು ದಾಖಲೆ. ಕೊನೆಗೆ ಅವನಿಗೆ ಹೊಳೆದ ಉಪಾಯವೆಂದರೆ, ಪೊಲೀಸನ ಕಣ್ಣು ತಪ್ಪಿಸಲು ಅಲೆಮಾರಿ ರಸ್ತೆಯಲ್ಲಿ ನಿಂತ ದೊಡ್ಡ ಕಾರೊಂದರ ಒಳಹೊಕ್ಕು ಈಚೆ ಬದಿಯ ಬಾಗಿಲಿನಿಂದ ಇಳಿಯುತ್ತಾನೆ. ಕಾರಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಹುಡುಗಿಗೆ ಕೇಳುವುದು ಬಾಗಿಲ ಸದ್ದು ಮಾತ್ರ. ಕಾರಿನಿಂದ ಇಳಿದವನು ಸಾಹುಕಾರನೇ ಇರಬೇಕು ಎಂದುಕೊಂಡು ಅವಳು ಹೂ ಚಾಚುತ್ತಾಳೆ. ಆ ಸದ್ದು ಚಿತ್ರದ ಧ್ವನಿಪಟ್ಟಿಯಲ್ಲಿಲ್ಲ. ಅದನ್ನು ನೋಡುಗ ಕಣ್ಣಿನಿಂದ ಕೇಳಿಸಿಕೊಳ್ಳಬೇಕು. ಚಾಪೆಯ ಮೇಲೆ ಕೂತ ಅಜ್ಜಿ ಆ ಕ್ಷಣದಲ್ಲಿ ಮಾಡುವ ಕೆಲಸ ಸಣ್ಣದಲ್ಲ: ಕಂಡದ್ದರಿಂದ ಕೇಳದ್ದನ್ನು ಊಹಿಸಿ, ಕಾಣದವಳು ಏನು ಊಹಿಸಿದಳು ಎಂಬುದನ್ನೂ ಊಹಿಸುತ್ತಾಳೆ. ಇದಕ್ಕೆ ಓದು ಬೇಡ, ಗಮನ ಬೇಕು.

‘ಪುಷ್ಪಕ ವಿಮಾನ’ದ ಜಾಣ್ಮೆಯೂ ಇದೇ ಜಾಡಿನದು. ಕೆಲಸವಿಲ್ಲದ ಯುವಕ ಸದ್ದುಗದ್ದಲದ ವಠಾರದಿಂದ ಪಂಚತಾರಾ ಹೋಟೆಲಿನ ಕೋಣೆಗೆ ಬರುತ್ತಾನೆ. ಅಲ್ಲಿನ ನಿಶ್ಶಬ್ದದಲ್ಲಿ ಅವನಿಗೆ ನಿದ್ದೆ ಹತ್ತುವುದಿಲ್ಲ. ತನ್ನ ಹಳೆಯ ಕೋಣೆಗೆ ಕೇಳುತ್ತಿದ್ದ ಗದ್ದಲವನ್ನು ಟೇಪಿನಲ್ಲಿ ಮುದ್ರಿಸಿ ತಂದು ಹಾಕಿಕೊಂಡ ಮೇಲೆಯೇ ಕಣ್ಣು ಮುಚ್ಚುವುದು. ಮಾತಿಲ್ಲದ ಚಿತ್ರವೊಂದು ಶಬ್ದವನ್ನೇ ಹಾಸ್ಯದ ವಸ್ತು ಮಾಡಿಕೊಂಡಿತು. ಬಡವ ಎಂಥ ಗದ್ದಲಕ್ಕೆ ಒಗ್ಗಿಹೋಗಿರುತ್ತಾನೆ ಎನ್ನುವುದನ್ನು ಒಂದು ಪುಟದ ಸಂಭಾಷಣೆಗಿಂತ ಚೆನ್ನಾಗಿ ಹೇಳಿತು.

ಕನ್ನಡದ ನಗೆ ಮಾತ್ರ ಬಹುಮಟ್ಟಿಗೆ ಬಾಯಿಯ ನಗೆ. ತೊಗಲುಬೊಂಬೆಯ ಕಿಳ್ಳೇಕ್ಯಾತ–ಬಂಗಾರಕ್ಕರ ತಮಾಷೆ ನಿಂತಿರುವುದು ಎಗ್ಗಿಲ್ಲದ ಮಾತಿನ ಮೇಲೆ. ಕಂಪನಿ ನಾಟಕದ ಹಾಸ್ಯಗಾರ ಊರಿನ ಸುದ್ದಿಯನ್ನು ಅಲ್ಲಿಯೇ ಸೇರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಮಾಸ್ಟರ್ ಹಿರಣ್ಣಯ್ಯನವರ ಆಯುಧ ನಾಲಗೆ. ಟಿ.ಪಿ. ಕೈಲಾಸಂ ಅವರಂತೂ ಕನ್ನಡ–ಇಂಗ್ಲಿಷುಗಳ ಕಲಬೆರಕೆ ಮಾತಿನಿಂದಲೇ ಒಂದು ರಂಗಭೂಮಿ ಕಟ್ಟಿದವರು. ಆ ಕೈಲಾಸಂ 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರ ‘ವಸಂತಸೇನಾ’ದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ನಟಿಸಿದರು ಎಂಬುದು ಇತಿಹಾಸದ ಒಂದು ತಮಾಷೆ. ಗುಬ್ಬಿ ವೀರಣ್ಣನವರೂ ಮೂಕಿ ಚಿತ್ರಗಳಿಗೆ ಹಣ ಹಾಕಿದ್ದರು. 1934ರ ಮಾರ್ಚ್ 3ರಂದು ‘ಸತಿ ಸುಲೋಚನಾ’ ಮಾತಾಡಿದ ಮೇಲೆ ಆ ಅಧ್ಯಾಯ ಮುಚ್ಚಿತು. ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಹಾಗಾಗಿ ಕನ್ನಡದ ನೋಡುಗನಿಗೆ ಮೂಕಿ ಎಂದರೆ ಹಾಲಿವುಡ್ಡಿನ ನಾಲ್ಕೈದು ಮುಖಗಳೇ. ಸ್ವಂತದ್ದು ನೋಡಲು ಸಿಗುವಂತಿಲ್ಲ.

ಕಳೆದುಹೋದ ಆ ಮೈಯ ಹಾಸ್ಯ ನಮ್ಮ ಟಾಕಿಗಳಲ್ಲಿ ಇಬ್ಬರಲ್ಲಿ ಸ್ವಲ್ಪ ಬದುಕಿತು. ತಿಪಟೂರಿನ ನರಸಿಂಹರಾಜು ಅವರನ್ನು ಕನ್ನಡದ ಚಾಪ್ಲಿನ್ ಎಂದು ಕರೆಯುವುದು ರೂಢಿಯಾಗಿದೆ. ಉಬ್ಬುಹಲ್ಲು, ಸಣಕಲು ಮೈ, ಎಲ್ಲಿ ಒದೆ ಬೀಳುತ್ತದೋ ಎಂದು ಮೊದಲೇ ಕುಗ್ಗುವ ಹೆಗಲು. ಮಾತು ಶುರುವಾಗುವ ಮೊದಲೇ ಥಿಯೇಟರಿನಲ್ಲಿ ನಗೆ ಎದ್ದಿರುತ್ತಿತ್ತು. ಅವರ ಜೊತೆಗಾರ ಟಿ.ಎನ್. ಬಾಲಕೃಷ್ಣ ಅವರದು ಇನ್ನೂ ಸೋಜಿಗ. ಚಿಕ್ಕಂದಿನಿಂದಲೂ ಕಿವಿ ಮಂದವಾಗಿದ್ದ ಅವರು ಎದುರಿನ ನಟನ ತುಟಿಯ ಚಲನೆ ನೋಡಿ ತಮ್ಮ ಸರದಿಯ ಮಾತಾಡುತ್ತಿದ್ದರು. ಮಾತಿನ ಸಿನಿಮಾದ ನೂರಾರು ಪಾತ್ರಗಳನ್ನು ಅವರು ಮೂಕಿಯ ನೋಡುಗನಂತೆ ಎದುರಿನವರ ಮುಖ ಓದಿಯೇ ನಿಭಾಯಿಸಿದರು. ಬಾಲಣ್ಣನ ಕಣ್ಣು ಸದಾ ಅಷ್ಟು ಚುರುಕಾಗಿ ಆಚೀಚೆ ಓಡುತ್ತಿದ್ದುದಕ್ಕೆ ಅಭಿನಯದ ಜೊತೆಗೆ ಈ ಅಗತ್ಯವೂ ಕಾರಣವಾಗಿರಬೇಕು.

ಇನ್ನು ಟಿವಿ ಮಾಡಿದ ಅನ್ಯಾಯದ ಲೆಕ್ಕ. ಮೊದಲನೆಯದು ವೇಗ. ಮೂಕಿ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಚೌಕಟ್ಟುಗಳು ಸಾಮಾನ್ಯ. ಭಾರತದ ಟಿವಿ ವ್ಯವಸ್ಥೆ ಓಡುವುದು ಸೆಕೆಂಡಿಗೆ 25ರಂತೆ. 18ರ ವೇಗದಲ್ಲಿ ತೆಗೆದದ್ದನ್ನು ತಿದ್ದದೆ ಹಾಗೇ 25ಕ್ಕೆ ಓಡಿಸಿದರೆ ಎಲ್ಲರೂ ಹತ್ತಿರ ಹತ್ತಿರ ಶೇ 40ರಷ್ಟು ಅವಸರದಲ್ಲಿ ನಡೆಯುತ್ತಾರೆ. ಹಾಸ್ಯಚಿತ್ರದವರು ಬೇಕೆಂದೇ ನಿಧಾನವಾಗಿ ತಿರುಗಿಸಿ ತೆರೆಯ ಮೇಲೆ ವೇಗ ಹೆಚ್ಚಿಸುತ್ತಿದ್ದುದೂ ಉಂಟು, ಪ್ರದರ್ಶಕರು ಲಯ ನೋಡಿ ಪ್ರೊಜೆಕ್ಟರ್ ಓಡಿಸುತ್ತಿದ್ದುದೂ ಉಂಟು. ಅದು ಅಳತೆ ಬಲ್ಲವರ ಲೆಕ್ಕ. ಟಿವಿಯದು ಲೆಕ್ಕವಿಲ್ಲದ ಅವಸರ. ಹಳೆಯ ಚಿತ್ರದ ಜನ ಪಟಪಟ ಓಡಾಡುತ್ತಾರೆ ಎಂಬ ನಮ್ಮ ನೆನಪು ಬಹುಪಾಲು ಈ ಯಂತ್ರದೋಷದ ಕೊಡುಗೆ. ಚಾಪ್ಲಿನ್‌ನ ಮುಖದಲ್ಲಿ ಒಂದು ಆಸೆ ಹುಟ್ಟಿ, ನಾಚಿ, ಅಡಗುವ ಮೂರು ಕ್ಷಣಗಳು ಎರಡೇ ಆಗಿಬಿಟ್ಟರೆ ಉಳಿಯುವುದು ಕುಣಿತ, ಹೋಗುವುದು ನಟನೆ.

ಎರಡನೆಯದು ಚೌಕಟ್ಟು. ಮೂಕಿ ಚಿತ್ರದ ಪರದೆ ಅಗಲ ನಾಲ್ಕು, ಎತ್ತರ ಮೂರರ ಅಳತೆಯದು. ಹಳೆಯ ಡಬ್ಬಾ ಟಿವಿಯ ಗಾಜು ಕೂಡ ಅದೇ ಅಳತೆಯದಾಗಿದ್ದುದರಿಂದ ಚಿತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಕೂರುತ್ತಿತ್ತು. ಈಗಿನ ಅಗಲದ ಟಿವಿಗೆ ಅದನ್ನು ಹಿಗ್ಗಿಸಿ ತುಂಬಿದರೆ ಎಲ್ಲರೂ ಗಿಡ್ಡರಾಗುತ್ತಾರೆ. ಹಿಗ್ಗಿಸದೆ ಮೇಲೆ ಕೆಳಗೆ ಕತ್ತರಿಸಿದರೆ ಮೊದಲು ಹೋಗುವುದು ಟೋಪಿ ಮತ್ತು ಪಾದ. ಪಾದವಿಲ್ಲದ ಚಾಪ್ಲಿನ್ ಎಂದರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಬಾಯಿ ತುರುಕುವ ಚಟ. ಸಿಕ್ಕ ಸಂಗೀತ ಅಂಟಿಸಿ, ಬಿದ್ದಾಗಲೆಲ್ಲ ‘ಟೊಂಯ್’ ಎನ್ನಿಸಿ, ಮೇಲೊಂದು ವಿವರಣೆಯ ದನಿ ಸೇರಿಸಿ ಪ್ರಸಾರ ಮಾಡಿದ ತುಣುಕುಗಳು ಎಷ್ಟೋ. ಈ ತಪ್ಪನ್ನು ಪರರು ಮಾತ್ರ ಮಾಡಲಿಲ್ಲ. 1925ರ ‘ದಿ ಗೋಲ್ಡ್ ರಷ್’ ಚಿತ್ರವನ್ನು 1942ರಲ್ಲಿ ಮರುಬಿಡುಗಡೆ ಮಾಡುವಾಗ ಚಾಪ್ಲಿನ್ ತಾನೇ ಟೈಟಲ್ ಕಾರ್ಡುಗಳನ್ನು ಕಿತ್ತು ತನ್ನದೇ ದನಿಯ ನಿರೂಪಣೆ ಸೇರಿಸಿದ, ಕೊನೆಯ ಮುತ್ತನ್ನೂ ಕತ್ತರಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಕಣ್ಣಿಗೆ ಆಗಲೇ ಕಂಡದ್ದನ್ನು ಕಿವಿಗೆ ಮತ್ತೆ ಹೇಳಿದಾಗ ನೋಡುಗನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಸೃಷ್ಟಿಕರ್ತನ ಡಬ್ಬಿಂಗೇ ಸೋತಿತು ಎಂದ ಮೇಲೆ ಮಿಕ್ಕವರ ಮಾತೇನು?

ಎಲ್ಲಕ್ಕಿಂತ ದೊಡ್ಡ ನಷ್ಟ, ಇವುಗಳನ್ನು ಮಕ್ಕಳ ವಿಭಾಗಕ್ಕೆ ತಳ್ಳಿದ್ದು. ‘ದಿ ಗೋಲ್ಡ್ ರಷ್’ನಲ್ಲಿ ಅಲೆಮಾರಿ ಬೂಟು ಬೇಯಿಸಿ ತಿನ್ನುವ ದೃಶ್ಯವನ್ನು ಮಕ್ಕಳು ಕೇಕೆ ಹಾಕಿ ನೋಡುತ್ತಾರೆ. ಬೂಟಿನ ಅಟ್ಟೆಯನ್ನು ಮಾಂಸದಂತೆ ಕೊಯ್ದು, ಲೇಸನ್ನು ಶ್ಯಾವಿಗೆಯಂತೆ ಸುತ್ತಿ, ಮೊಳೆಗಳನ್ನು ಮೂಳೆಯಂತೆ ಚೀಪುತ್ತಾನೆ. (ಚಿತ್ರೀಕರಣಕ್ಕೆ ಬೂಟನ್ನು ಅತಿಮಧುರದ ಮಿಠಾಯಿಯಿಂದ ಮಾಡಿಸಿದ್ದರು.) ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಹೊಸದುರ್ಗ, ಹಿರಿಯೂರು ಕಡೆಯ ಹಿರಿಯರು ಅದೇ ದೃಶ್ಯದಲ್ಲಿ ಬೇರೊಂದನ್ನು ಕಾಣಬಲ್ಲರು: ಹಸಿದವನೂ ಊಟದ ಮರ್ಯಾದೆ ಬಿಡುವುದಿಲ್ಲ. ಏಳನೆಯ ವಯಸ್ಸಿಗೇ ಲಂಡನ್ನಿನ ಅನಾಥಾಲಯದಂಥ ದುಡಿಮೆಮನೆ ಸೇರಿದ್ದ ಚಾಪ್ಲಿನ್‌ಗೆ ಹಸಿವು ಕೇಳಿದ ಕಥೆಯಾಗಿರಲಿಲ್ಲ.

1936ರ ‘ಮಾಡರ್ನ್ ಟೈಮ್ಸ್’ ಇನ್ನೂ ಹತ್ತಿರದ್ದು. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಭಾಗ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಅಲ್ಲಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿರಣಿಯ ಸೈರನ್ನಿಗೆ ಎದ್ದು ಮಲಗಿದ ಕುಟುಂಬಗಳಿಗೆ, ಬೋಲ್ಟು ಬಿಗಿದು ಬಿಗಿದು ಕೈ ತಾನಾಗಿ ಅದುರುವ ಕಾರ್ಮಿಕನ ತಮಾಷೆ ಪರದೇಶದ್ದೆನಿಸಲಾರದು. ಊಟದ ಸಮಯ ಉಳಿಸಲೆಂದು ತಂದ ತುತ್ತು ತಿನ್ನಿಸುವ ಯಂತ್ರ ಕೆಟ್ಟು ಅವನ ಮೂತಿಗೆ ಬಡಿಯುತ್ತದೆ. ಮಾಲೀಕರಿಗೆ ಅದು ಇಷ್ಟವಾಗದಿರುವುದು ಕಾರ್ಮಿಕನಿಗೆ ನೋವಾಯಿತೆಂದಲ್ಲ, ಯಂತ್ರ ಉಪಯೋಗಕ್ಕೆ ಬರುವುದಿಲ್ಲವೆಂದು. ಇದಕ್ಕೆ ಐದು ವರ್ಷ ಮೊದಲು, 1931ರ ಸೆಪ್ಟೆಂಬರಿನಲ್ಲಿ, ಚಾಪ್ಲಿನ್ ಲಂಡನ್ನಿನಲ್ಲಿ ಗಾಂಧೀಜಿಯನ್ನು ಕಂಡು ಯಂತ್ರಗಳ ಮೇಲೆ ಅವರಿಗೇಕೆ ಅಷ್ಟು ವಿರೋಧ ಎಂದು ಕೇಳಿದ್ದ. ಚಿತ್ರದಲ್ಲಿ ಅವನ ಉತ್ತರವೂ ಇದೆ ಎನ್ನಬಹುದು.

ಈ ಚಿತ್ರದಲ್ಲಿ ಮಾತಿನ ಹಂಚಿಕೆಯನ್ನು ಗಮನಿಸಿದರೆ ಚಾಪ್ಲಿನ್‌ನ ನಿಲುವು ತಿಳಿಯುತ್ತದೆ. ಟಾಕಿ ಬಂದು ಒಂಬತ್ತು ವರ್ಷವಾಗಿದ್ದರೂ ಇಲ್ಲಿ ಮನುಷ್ಯರು ನೇರವಾಗಿ ಮಾತಾಡುವುದಿಲ್ಲ. ಮಾತು ಬರುವುದು ರೇಡಿಯೋದಿಂದ, ಗ್ರಾಮೋಫೋನಿನಿಂದ, ಮಾಲೀಕನ ಮುಖ ಮೂಡುವ ದೊಡ್ಡ ಪರದೆಯಿಂದ. ಕಾರ್ಮಿಕ ಶೌಚಾಲಯದಲ್ಲಿ ಬೀಡಿ ಸೇದುವಷ್ಟು ಹೊತ್ತು ನಿಂತರೂ ಗೋಡೆಯ ಮೇಲೆ ಮಾಲೀಕ ಪ್ರತ್ಯಕ್ಷನಾಗಿ ಕೆಲಸಕ್ಕೆ ಅಟ್ಟುತ್ತಾನೆ. ಟಿವಿ ಮನೆಗೆ ಬರುವ ಮೊದಲೇ ಟಿವಿಯ ಒಂದು ಸ್ವಭಾವವನ್ನು ಅವನು ಹಿಡಿದಿದ್ದ. ಕೊನೆಗೆ ಅಲೆಮಾರಿ ಮೊದಲ ಸಲ ಬಾಯಿ ತೆರೆದಾಗ ಹಾಡುವುದು ಯಾವ ಭಾಷೆಗೂ ಸೇರದ, ಇಟಾಲಿಯನ್ನೋ ಫ್ರೆಂಚೋ ಎನ್ನಿಸುವ ಕಲಸುಮೇಲೋಗರ. ಕೈ, ಹುಬ್ಬು, ಸೊಂಟಗಳು ಅರ್ಥ ಹೇಳುತ್ತವೆ. ಆ ಹಾಡಿನ ಮುಂದೆ ನ್ಯೂಯಾರ್ಕಿನವನೂ ಹೊಳಲ್ಕೆರೆಯವನೂ ಒಂದೇ.

ಟಿವಿಯ ಆಯ್ಕೆ ಬಹುಮಟ್ಟಿಗೆ ಚಾಪ್ಲಿನ್, ಲಾರೆಲ್–ಹಾರ್ಡಿಯರಲ್ಲೇ ನಿಂತಿದ್ದರಿಂದ ಉಳಿದಿಬ್ಬರು ದೊಡ್ಡವರು ಕನ್ನಡ ಮನೆಗಳಿಗೆ ಸರಿಯಾಗಿ ಬರಲೇ ಇಲ್ಲ. ಬಸ್ಟರ್ ಕೀಟನ್ ನಗದೆ ನಗಿಸಿದವನು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ, ಕಿಟಕಿಯ ತೆರಪು ಸರಿಯಾಗಿ ಅವನು ನಿಂತ ಜಾಗಕ್ಕೆ ಬಂದು ಬದುಕುತ್ತಾನೆ. ಗೋಡೆ ನಿಜವಾದದ್ದು, ಟನ್ನುಗಟ್ಟಲೆ ತೂಕದ್ದು. ತಲೆಗೂ ಚೌಕಟ್ಟಿಗೂ ನಡುವೆ ಇದ್ದದ್ದು ಕೆಲವೇ ಅಂಗುಲ. ಕಟ್ ಇಲ್ಲ, ಟ್ರಿಕ್ ಇಲ್ಲ. ಹೆರಾಲ್ಡ್ ಲಾಯ್ಡ್ 1919ರಲ್ಲಿ ಉತ್ತುತ್ತು ಬಾಂಬೆಂದು ಹಿಡಿದದ್ದು ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಕಳೆದುಕೊಂಡ. ನಾಲ್ಕು ವರ್ಷದ ನಂತರ ‘ಸೇಫ್ಟಿ ಲಾಸ್ಟ್’ನಲ್ಲಿ ಬಹುಮಹಡಿ ಕಟ್ಟಡದ ಗಡಿಯಾರದ ಮುಳ್ಳಿಗೆ ಜೋತುಬಿದ್ದದ್ದು ಅದೇ ಕೈಗೆ ಕೃತಕ ಬೆರಳಿನ ಕೈಗವಸು ತೊಟ್ಟುಕೊಂಡು. ಗ್ರಾಫಿಕ್ಸ್‌ಗೆ ಒಗ್ಗಿದ ಈಗಿನ ಹುಡುಗರಿಗೆ ಇದನ್ನು ಮೊದಲೇ ಹೇಳಿ ತೋರಿಸಿದರೆ, ನಗುವಿನ ಜೊತೆ ಎದೆಯೂ ಝಲ್ಲೆನ್ನುತ್ತದೆ.

ಟಿವಿಯಲ್ಲಿ ಮೂಕಿ ಹಾಸ್ಯ ನೋಡುವ ಅಭಿಮಾನಿಯ ಚಿತ್ರವನ್ನು ಕನ್ನಡ ಸಿನಿಮಾವೇ ಒಮ್ಮೆ ಬರೆದಿದೆ. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ, 2022ರ ಜೂನ್ 10ರಂದು ಬಂದ ‘777 ಚಾರ್ಲಿ’ಯ ನಾಯಕ ಧರ್ಮ ಒಂಟಿ; ಕಾರ್ಖಾನೆಯ ಕೆಲಸ, ಜಗಳ, ಇಡ್ಲಿ, ಸಿಗರೇಟು, ಬಿಯರು ಇಷ್ಟರಲ್ಲಿ ಅವನ ದಿನ ಮುಗಿಯುತ್ತದೆ. ಅವನನ್ನು ನಗಿಸುವುದು ಚಾಪ್ಲಿನ್ ಮಾತ್ರ. ಮನೆಗೆ ಬಂದ ನಾಯಿಗೆ ಅವನಿಡುವ ಹೆಸರು ಕೂಡ ಅಲ್ಲಿಂದಲೇ ಬಂದದ್ದು. ‘ಮಾಡರ್ನ್ ಟೈಮ್ಸ್’ನ ಕಾರ್ಮಿಕನನ್ನು ನೆನಪಿಸುವ ಕಾರ್ಖಾನೆಯ ಆಳು, ನಿರ್ದೇಶಕರು ಈ ಜೋಡಣೆಯನ್ನು ಒತ್ತಿ ಹೇಳದಿದ್ದರೂ ಅದು ಅಲ್ಲಿದೆ. ಅಪ್ಪಟ ಕನ್ನಡದ ಈ ಚಿತ್ರ ತಮಿಳು, ತೆಲುಗು, ಮಲಯಾಳ, ಹಿಂದಿಗಳಿಗೆ ಡಬ್ ಆಗಿ ಹೋಯಿತು. ನಾಯಿಗೆ ಮಾತ್ರ ಡಬ್ಬಿಂಗ್ ಬೇಕಾಗಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಕರ್ನಾಟಕದಲ್ಲಿದೆ. 2009ರಲ್ಲಿ ನಿರ್ದೇಶಕ ಹೇಮಂತ್ ಹೆಗಡೆ ಬೈಂದೂರಿನ ಬಳಿ ಒತ್ತಿನೆಣೆಯ ಕಡಲತೀರದಲ್ಲಿ ಚಿತ್ರೀಕರಣಕ್ಕಾಗಿ ಚಾಪ್ಲಿನ್‌ನ ಭಾರೀ ಪ್ರತಿಮೆ ನಿಲ್ಲಿಸಹೊರಟಾಗ, ಅವನು ಕ್ರೈಸ್ತ, ಅವನ ಪ್ರತಿಮೆ ಇಲ್ಲೇಕೆ ಎಂದು ಕೆಲವರು ಅಡ್ಡ ನಿಂತರು. ಗುಜರಾತಿನ ಆದಿಪುರದಲ್ಲಿ 1973ರಿಂದ ಪ್ರತಿ ಏಪ್ರಿಲ್ 16ರಂದು ಟೋಪಿ, ಮೀಸೆ, ಬೆತ್ತ ಹಿಡಿದು ಚಾಪ್ಲಿನ್ ಹುಟ್ಟುಹಬ್ಬದ ಮೆರವಣಿಗೆ ನಡೆಯುತ್ತಿದೆ. ಒಂದೇ ದೇಶದ ಎರಡು ಊರುಗಳು. ಪ್ರತಿಮೆಗೆ ಮತ ಹಚ್ಚಬಹುದು. ಆದರೆ ಚಾಪ್ಲಿನ್ ನೋಡಿ ನಕ್ಕ ಮನೆಗಳಲ್ಲಿ ಅವನ ಮತ ಯಾವುದೆಂದು ಕೇಳಿದವರುಂಟೇ?

ಮೂಕಿ ಹಾಸ್ಯವನ್ನು ವಿಶ್ವಭಾಷೆ ಎಂದು ಹೊಗಳುವಾಗ ಕೊಂಚ ಎಚ್ಚರವೂ ಬೇಕು. ಆ ಕಾಲದ ಅಮೆರಿಕದ ಕೊಳಕು ಅದರಲ್ಲೂ ಇದೆ. ಕೀಟನ್‌ನ ‘ಕಾಲೇಜ್’ನಲ್ಲಿ (1927) ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸುವ ಭಾಗವಿದೆ. ನಮ್ಮ ಚಿತ್ರಗಳು ದಪ್ಪನೆಯವರನ್ನು, ಕಪ್ಪಗಿರುವವರನ್ನು, ತೊದಲುವವರನ್ನು ಹೀಗೆಯೇ ನಡೆಸಿಕೊಂಡಿರುವಾಗ ಬೆರಳು ತೋರಿಸುವುದು ಸುಲಭವಲ್ಲ. ಹಾಗೆಂದು ಮುಚ್ಚಿಡಬೇಕಾಗಿಯೂ ಇಲ್ಲ. ತೋರಿಸಿ, ಇದು ತಪ್ಪೆಂದು ಮಾತಾಡಬಹುದು. ಇನ್ನೊಂದು ತೊಡಕು ಟೈಟಲ್ ಕಾರ್ಡು. ಮಾತಿಲ್ಲದ ಚಿತ್ರದಲ್ಲೂ ಓದಬೇಕಾದ ಇಂಗ್ಲಿಷ್ ಸಾಲುಗಳಿವೆ. ಬೇರೆಯವರು 240 ಕಾರ್ಡು ಬಳಸುತ್ತಿದ್ದಾಗ ತಾನು 56ಕ್ಕಿಂತ ಮೇಲೆ ಹೋಗಲಿಲ್ಲ ಎಂದು ಕೀಟನ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಆ 56 ಕೂಡ ಇಂಗ್ಲಿಷ್ ಬಾರದವರಿಗೆ ಸಣ್ಣ ಸಣ್ಣ ಗೋಡೆಗಳೇ.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಟಿವಿಯ ಮಾತೇಕೆ ಎಂಬ ಆಕ್ಷೇಪ ಬರುತ್ತದೆ. ಸಿಗುತ್ತದೆ, ನಿಜ. ಸಿಗುವುದು ಅರ್ಧ ನಿಮಿಷದ ತುಣುಕಾಗಿ, ಅಂಗೈ ಅಗಲದಲ್ಲಿ, ಒಬ್ಬರಿಗೊಂದರಂತೆ. ‘ಸಿಟಿ ಲೈಟ್ಸ್’ನ ಕೊನೆಯಲ್ಲಿ ಕಣ್ಣು ಬಂದ ಹುಡುಗಿ ಅಲೆಮಾರಿಯ ಕೈ ಮುಟ್ಟಿ ಗುರುತಿಸುವ ಕ್ಷಣ ಹಿಂದಿನ ಎಂಬತ್ತು ನಿಮಿಷಗಳ ಸಂಪಾದನೆ, ಅದನ್ನು ಕತ್ತರಿಸಿ ಕಳಿಸಿದರೆ ಒಬ್ಬಳು ಒಬ್ಬನ ಕೈ ಹಿಡಿದದ್ದಷ್ಟೇ ಕಾಣುತ್ತದೆ. ಈ ಚಿತ್ರಗಳು ತುಂಬಿದ ಸಭೆಗೆಂದು ಹುಟ್ಟಿದವು. ತಮಾಷೆಯ ಹಿಂದೆ ತಮಾಷೆ ಬರುವ ನಡುವೆ ಜನ ನಕ್ಕು ಮುಗಿಸಲು ಎಷ್ಟು ಹೊತ್ತು ಬೇಕೆಂದು ಪ್ರೇಕ್ಷಕರ ಎದುರು ಓಡಿಸಿ ನೋಡಿ ಕತ್ತರಿಸಿದವು. ಮನೆಮಂದಿಯೆಲ್ಲ ಕೂತ ಟಿವಿಯ ಮುಂದೆ ಅದರ ಒಂದಂಶವಾದರೂ ಉಳಿಯುತ್ತದೆ. ಒಬ್ಬನ ಅಂಗೈಯಲ್ಲಿ ಅದೂ ಉಳಿಯದು.

ಆದ್ದರಿಂದ ಕೇಳಬೇಕಾದದ್ದು ಬಹಳವೇನಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1920ರ ದಶಕದ ಚಿತ್ರಗಳು ಆ ಗಡಿ ದಾಟಿ ಎಷ್ಟೋ ಕಾಲವಾಯಿತು; ಹೊಸದಾಗಿ ಸೇರಿಸಿದ ಸಂಗೀತಕ್ಕೆ ಮಾತ್ರ ಬೇರೆ ಹಕ್ಕುಗಳಿರುತ್ತವೆ. ದೂರದರ್ಶನ ಚಂದನ ವಾರಕ್ಕೊಂದು ಗಂಟೆ ಕೊಟ್ಟು, ಸರಿಯಾದ ವೇಗದಲ್ಲಿ, ಕತ್ತರಿಸದ ಚೌಕಟ್ಟಿನಲ್ಲಿ, ಕನ್ನಡದ ಟೈಟಲ್ ಕಾರ್ಡುಗಳೊಂದಿಗೆ ಒಂದು ಮಾಲೆ ಪ್ರಸಾರ ಮಾಡಲು ದೊಡ್ಡ ಬಂಡವಾಳ ಬೇಡ. ಸಂಗೀತಕ್ಕೆ ಕರ್ನಾಟಕದಲ್ಲಿ ಹಾರ್ಮೋನಿಯಂ, ತಬಲ, ಕ್ಲಾರಿಯೊನೆಟ್ ನುಡಿಸುವವರಿಗೆ ಬರವಿಲ್ಲ. ಭಾರತದ ಮೂಕಿ ಥಿಯೇಟರುಗಳಲ್ಲಿ ಪರದೆಯ ಪಕ್ಕ ಕೂತು ನುಡಿಸುತ್ತಿದ್ದುದೂ ಹಾರ್ಮೋನಿಯಂ, ತಬಲಗಳೇ.

ಇಂಥದ್ದು ಹಳ್ಳಿಯವರಿಗೆ ರುಚಿಸದು ಎಂಬ ಮಾತು ಹಿಂದೆಯೇ ಸುಳ್ಳಾಗಿದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಊರಿನಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು, ರಸಗ್ರಹಣ ಶಿಬಿರ ನಡೆಸಿದರು; 1980ರ ದಶಕದ ‘ಜನಸ್ಪಂದನ’ ಆ ಕೆಲಸವನ್ನು ರಾಜ್ಯದ ಬೇರೆ ಕಡೆಗಳಿಗೂ ಒಯ್ದಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ 1997ರಿಂದ ಪ್ರತಿ ವರ್ಷ ನಾಟಕಗಳನ್ನು ಹೊತ್ತು ಕರ್ನಾಟಕ ಸುತ್ತುತ್ತಿದೆ. ನಾಟಕಕ್ಕೆ ಸೇರುವ ಜನ ಇಪ್ಪತ್ತು ನಿಮಿಷದ ಒಂದು ಚಿತ್ರಕ್ಕೆ ಸೇರರೇ? ಪ್ರೊಜೆಕ್ಟರ್ ಈಗ ಶಾಲೆಗಳಲ್ಲೇ ಇದೆ.

ಮೊದಲು ಯಾವುದು ಎಂದರೆ, ಕೀಟನ್‌ನ ‘ಒನ್ ವೀಕ್’. 1920ರದು. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಸೈಟು ಮತ್ತು ಪೆಟ್ಟಿಗೆಗಳಲ್ಲಿ ತುಂಬಿದ ಬಿಡಿಬಿಡಿ ಮನೆ ಸಿಗುತ್ತದೆ. ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ನಂಬರು ಬದಲಿಸಿಬಿಡುತ್ತಾನೆ. ಬಾಗಿಲು ಅಟ್ಟದ ಮೇಲೆ, ಗೋಡೆ ಸೊಟ್ಟಕ್ಕೆ. ಗೃಹಪ್ರವೇಶದ ದಿನ ಗಾಳಿಮಳೆಗೆ ಮನೆ ನೆಂಟರ ಸಮೇತ ಬುಗುರಿಯಂತೆ ತಿರುಗುತ್ತದೆ. ಕೊನೆಗೆ ಸೈಟೇ ತಪ್ಪು ಎಂದು ಗೊತ್ತಾಗಿ, ಮನೆಯನ್ನು ಎಳೆದುಕೊಂಡು ಹೋಗುವಾಗ ಅದು ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆಯ ಎರಡು ಪಾಲನ್ನೂ ಒಂದೇ ವಾರದಲ್ಲಿ ಅನುಭವಿಸಿದವನ ಕಥೆ. ಮೇಸ್ತ್ರಿ, ಖಾತೆ, ಸೈಟಿನ ಚಕ್ಕುಬಂದಿಗಳ ತಾಪತ್ರಯ ಕಂಡ ಯಾರಿಗೂ ಇದಕ್ಕೆ ಟಿಪ್ಪಣಿ ಬೇಡ. ಎರಡನೆಯದಾಗಿ ಲಾರೆಲ್–ಹಾರ್ಡಿಯ ‘ಬಿಗ್ ಬಿಸಿನೆಸ್’ (1929). ಬಾಗಿಲಿಗೆ ಸಿಕ್ಕಿಕೊಂಡ ಒಂದು ಮರದಿಂದ ಶುರುವಾದ ಮನಸ್ತಾಪ ಒಬ್ಬರ ಮನೆ, ಇನ್ನೊಬ್ಬರ ಕಾರು ಪುಡಿಯಾಗುವವರೆಗೆ ಹೋಗುತ್ತದೆ, ಊರ ಜನ ಸುತ್ತ ನಿಂತು ನೋಡುತ್ತಾರೆ. ಬದುವಿನ ಜಗಳದಲ್ಲಿ ಶುರುವಾಗಿ ಕೋರ್ಟಿನಲ್ಲಿ ಮೂರು ತಲೆಮಾರು ಸವೆಸಿದವರ ಸೀಮೆಗೆ ಅದು ಚೆನ್ನಾಗಿ ಹೊಂದುತ್ತದೆ. ಎರಡೂ ಸೇರಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ. ಹೊಳಲ್ಕೆರೆಯ ಒಂದು ಹೈಸ್ಕೂಲಿನ ಕನ್ನಡ ಮೇಷ್ಟರು ತಮ್ಮ ಹುಡುಗರನ್ನು ಕೂರಿಸಿಕೊಂಡರೆ ಅವುಗಳ ಟೈಟಲ್ ಕಾರ್ಡುಗಳಷ್ಟನ್ನೂ ಎರಡು ಪೀರಿಯಡ್ಡಿನಲ್ಲಿ ಕನ್ನಡಕ್ಕೆ ತರಬಹುದು.